ಕಂಟ್ರೋಲರ್ ‘ಟ್ರೈಲರ್ ಜೋಡಣೆಯಾಗಿದೆ’ ಎನ್ನುತ್ತದೆ, ಬ್ರೇಕ್ ಮಾತ್ರ ಹಿಡಿಯುತ್ತಿಲ್ಲ: ವೈರಿಂಗ್‌ನಲ್ಲಿ ಎಲ್ಲಿ ಹುಡುಕಲಿ?

ಡೆನ್ವರ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಪಿಕಪ್ ಟ್ರಕ್. ಹಿಂದಿನ ಬಂಪರ್ ಕೆಳಗಿನ ಏಳು ಪಿನ್ನಿನ ಸಾಕೆಟ್ ಕಾರ್ಖಾನೆಯಿಂದಲೇ ಬಂದಿದೆ. ಪೆಡಲ್ ಒತ್ತಿದಾಗ ಟ್ರೈಲರ್‌ನ ಬ್ರೇಕಿಗೆ ಕರೆಂಟ್ ಕೊಡುವ ಟ್ರೈಲರ್ ಬ್ರೇಕ್ ಕಂಟ್ರೋಲರ್ ಇರಲಿಲ್ಲವಾದ್ದರಿಂದ ಒಂದು ಗ್ಯಾರೇಜಿನಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಹಾಕಿಸಿದೆ. ಎಳೆಯುವುದು ಎರಡು ಆ್ಯಕ್ಸಲ್‌ಗಳ ಟ್ರಾವೆಲ್ ಟ್ರೈಲರ್. ಸಾಮಾನು, ನೀರು ಎಲ್ಲ ತುಂಬಿದರೆ 6,000 ಪೌಂಡ್ ಹತ್ತಿರ, ಅಂದರೆ ಸುಮಾರು 2,700 ಕಿಲೋ. ನಾಲ್ಕೂ ಚಕ್ರಗಳಿಗೆ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಇದೆ.

ತೊಂದರೆ ಎರಡು. ಮೊದಲನೆಯದು, ಟ್ರೈಲರ್ ಜೋಡಿಸಿದ ಕೂಡಲೇ ಕಂಟ್ರೋಲರ್ ಪರದೆಯಲ್ಲಿ ಜೋಡಣೆಯ ಚಿಹ್ನೆ ಸರಿಯಾಗಿಯೇ ಬರುತ್ತದೆ. ಪೆಡಲ್ ಒತ್ತಿದರೆ ಅಂಕಿಗಳು ಏರುತ್ತವೆ. ಆದರೆ ಟ್ರೈಲರ್ ತಾನಾಗಿ ನಿಲ್ಲಲು ನೆರವಾಗುವುದಿಲ್ಲ, ಟ್ರಕ್ಕನ್ನು ಹಿಂದಿನಿಂದ ತಳ್ಳುತ್ತದೆ. ಎರಡನೆಯದು, ಗುಂಡಿ ಬಿದ್ದ ರಸ್ತೆಯಲ್ಲಿ ಹೋಗುವಾಗ ಪರದೆಯಲ್ಲಿ ಶಾರ್ಟ್ ಸರ್ಕ್ಯೂಟ್ ಎಚ್ಚರಿಕೆ ಒಮ್ಮೆ ಮಿಂಚಿ ಮಾಯವಾಗುತ್ತದೆ. ಗ್ಯಾರೇಜಿನವರು ಕಂಟ್ರೋಲರ್ ಹೋಗಿದೆ, ಹೊಸದು ಹಾಕೋಣ ಎನ್ನುತ್ತಿದ್ದಾರೆ.

ಮುಂದಿನ ತಿಂಗಳು ಮನೆಯವರನ್ನೆಲ್ಲ ಕರೆದುಕೊಂಡು ಐ-70 ಹೆದ್ದಾರಿ ಹಿಡಿದು ಯೂಟಾ ಕಡೆ ಹೋಗಬೇಕು. ಐಸೆನ್‌ಹೋವರ್ ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್‌ವರೆಗೆ ಶೇಕಡಾ 7ರ ಇಳಿಜಾರು. ಬ್ರೇಕ್ ಮೇಲೆ ಪೂರ್ತಿ ನಂಬಿಕೆ ಬರದೆ ನಾನು ಆ ದಾರಿಗೆ ಇಳಿಯುವುದಿಲ್ಲ. ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ. ಎಲ್ಲಿಂದ ಆರಂಭಿಸಲಿ?

ಟೊರೊಂಟೊ ತುಂಗಾ:

ಮೊದಲು ಗೇನ್, ಅಂದರೆ ಟ್ರೈಲರ್ ಬ್ರೇಕಿಗೆ ಎಷ್ಟು ಬಲ ಕೊಡಬೇಕೆಂದು ಕಂಟ್ರೋಲರ್‌ನಲ್ಲಿ ಇಡುವ ಮಟ್ಟ, ಎಷ್ಟಕ್ಕೆ ಇಟ್ಟಿದ್ದೀರಿ ನೋಡಿ. ಸ್ನೇಹಿತರೊಬ್ಬರ ಟ್ರೈಲರ್‌ನಲ್ಲಿ ಅದನ್ನು ತುಂಬಾ ಕಡಿಮೆ ಇಟ್ಟಿದ್ದರು, ಏರಿಸಿದ ಮೇಲೆ ಸರಿಹೋಯಿತು.

ಹ್ಯೂಸ್ಟನ್ ಶರಾವತಿ:

ಗೇನ್ ಅನ್ನು ಸದ್ಯಕ್ಕೆ ಮುಟ್ಟಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಾಲ್ಕು ಚಕ್ರಗಳಲ್ಲಿ ಎರಡೇ ಕೆಲಸ ಮಾಡುತ್ತಿದ್ದರೆ, ಗೇನ್ ಏರಿಸಿದಾಗ ಆ ಎರಡೇ ಲಾಕ್ ಆಗಿ ಟೈರ್ ಜಾರುತ್ತದೆ. ಮಳೆಯಲ್ಲಿ ಇದು ಇನ್ನೂ ಅಪಾಯ. ಕಂಟ್ರೋಲರನ್ನೂ ಈಗಲೇ ಬದಲಿಸಬೇಡಿ. ಪರದೆಯಲ್ಲಿ ಅಂಕಿ ಏರುತ್ತಿದೆ, ಶಾರ್ಟ್ ಆದಾಗ ಎಚ್ಚರಿಸುತ್ತಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿರುವ ಸಾಧ್ಯತೆಯೇ ಹೆಚ್ಚು.

ಜೋಡಣೆಯ ಚಿಹ್ನೆ ಬಂದಿದೆ ಎಂಬುದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಕಂಟ್ರೋಲರ್ ನೀಲಿ ವೈರಿನಲ್ಲಿ ಅತಿ ಸಣ್ಣ ಕರೆಂಟ್ ಹರಿಸಿ, ಆಚೆ ಕಡೆ ಗ್ರೌಂಡ್‌ಗೆ ದಾರಿ ಇದೆಯೇ ಎಂದಷ್ಟೇ ನೋಡುತ್ತದೆ. ಪ್ರತಿ ಚಕ್ರದ ಬ್ರೇಕ್ ಹಿಡಿಸುವುದು ಒಂದು ವಿದ್ಯುತ್ ಮ್ಯಾಗ್ನೆಟ್. ಆ ನಾಲ್ಕರಲ್ಲಿ ಒಂದೇ ಒಂದು ಸರಿಯಿದ್ದರೂ ಆ ಚಿಹ್ನೆ ಬರುತ್ತದೆ.

ಕಂಟ್ರೋಲರ್‌ಗೆ ನಾಲ್ಕು ವೈರ್ ಇರುತ್ತವೆ. ಕಪ್ಪು ಬ್ಯಾಟರಿಯಿಂದ, ಬಿಳಿ ಗ್ರೌಂಡ್‌ಗೆ, ಕೆಂಪು ಬ್ರೇಕ್ ಪೆಡಲ್ ಸ್ವಿಚ್‌ನಿಂದ, ನೀಲಿ ಹಿಂದಿನ ಸಾಕೆಟ್‌ಗೆ. ಹುಡುಕಾಟವನ್ನು ಇವುಗಳ ಹತ್ತಿರದಿಂದ ಆರಂಭಿಸಬೇಡಿ. ಡ್ಯಾಶ್‌ಬೋರ್ಡ್ ಬಿಚ್ಚುವುದು ಕಷ್ಟ, ತಪ್ಪು ಅಲ್ಲಿಲ್ಲದಿದ್ದರೆ ಶ್ರಮವೂ ವ್ಯರ್ಥ. ಇಡೀ ದಾರಿಯ ನಡುಮಧ್ಯೆ ಏಳು ಪಿನ್ನಿನ ಸಾಕೆಟ್ ಇದೆ. ಅಲ್ಲಿ ಅಳೆದರೆ ದೋಷ ಟ್ರಕ್ಕಿನಲ್ಲಿದೆಯೋ ಟ್ರೈಲರ್‌ನಲ್ಲಿದೆಯೋ ಎಂಬುದು ಒಂದೇ ಸಲಕ್ಕೆ ತೀರ್ಮಾನವಾಗುತ್ತದೆ.

ಟ್ರಕ್ಕಿನ ಕಡೆ: ಟ್ರೈಲರ್ ಪ್ಲಗ್ ತೆಗೆಯಿರಿ. ಎಂಜಿನ್ ಚಾಲೂ ಇರಲಿ. ಈ ಪರೀಕ್ಷೆಗಷ್ಟೇ ಗೇನ್ ಪೂರ್ತಿ ಏರಿಸಿ, ಆಮೇಲೆ ಮೊದಲಿನಂತೆ ಇಡಿ. ಒಬ್ಬರು ಕಂಟ್ರೋಲರ್‌ನ ಕೈ ಲಿವರನ್ನು ಪೂರ್ತಿ ಒತ್ತಿ ಹಿಡಿಯಲಿ. ನೀವು ಸಾಕೆಟ್‌ನ ನೀಲಿ ಮತ್ತು ಬಿಳಿ ವೈರಿನ ಪಿನ್‌ಗಳ ನಡುವೆ ವೋಲ್ಟ್ ಅಳೆಯಿರಿ. ಪೂರ್ತಿಯೇ ಒತ್ತಬೇಕು. ಏಕೆಂದರೆ ಇಂದಿನ ಕಂಟ್ರೋಲರ್‌ಗಳು ವೋಲ್ಟೇಜನ್ನು ಇಳಿಸುವುದಿಲ್ಲ, ಪೂರ್ತಿ ವೋಲ್ಟೇಜನ್ನೇ ಕ್ಷಣಕ್ಷಣಕ್ಕೂ ಕೊಟ್ಟು ಕಡಿದು ಮಾಡುತ್ತವೆ. ಅರ್ಧ ಒತ್ತಿದಾಗ ಸಾಮಾನ್ಯ ಡಿಜಿಟಲ್ ಮೀಟರ್ ತೋರಿಸುವ ಅಂಕಿಯನ್ನು ನಂಬಲು ಬರುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಬರಿಯ ಮೀಟರ್‌ನಲ್ಲಿ 12, 13 ವೋಲ್ಟ್ ಕಂಡಿತೆಂದು ಸಮಾಧಾನಪಡಬೇಡಿ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ತುಕ್ಕು ಹಿಡಿದ ವೈರಿನಲ್ಲಿ ತಾಮ್ರದ ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ನಲ್ಲಿಯಲ್ಲಿ ಒತ್ತಡ ಇದೆ ಎಂದ ಮಾತ್ರಕ್ಕೆ ಬಕೆಟ್ ತುಂಬುವಷ್ಟು ನೀರು ಬರುತ್ತದೆ ಎಂದಲ್ಲ. ಆದ್ದರಿಂದ 55 ವ್ಯಾಟ್‌ನ ಒಂದು ಹಳೆಯ ಹೆಡ್‌ಲೈಟ್ ಬಲ್ಬ್ ತೆಗೆದುಕೊಂಡು ಅದೇ ಎರಡು ಪಿನ್‌ಗಳಿಗೆ ಜೋಡಿಸಿ. ಅದು ನಾಲ್ಕೂವರೆ ಆಂಪ್‌ನಷ್ಟು ಎಳೆಯುತ್ತದೆ. ಬಲ್ಬ್ ಉರಿಯುತ್ತಿರುವಾಗ ಮತ್ತೆ ಅಳೆಯಿರಿ. ಅರ್ಧ ವೋಲ್ಟಿನ ಒಳಗೆ ಇಳಿದರೆ ಟ್ರಕ್ಕಿನ ವೈರಿಂಗ್ ಗಟ್ಟಿಯಾಗಿದೆ. ಮೂರು ನಾಲ್ಕು ವೋಲ್ಟ್ ಕುಸಿದರೆ ದೋಷ ಟ್ರಕ್ಕಿನಲ್ಲೇ.

ಟ್ರೈಲರ್ ಕಡೆ: ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು ಟ್ರೈಲರನ್ನು ಹಿಚ್‌ನಿಂದಲೂ (ಟ್ರಕ್ಕಿಗೆ ಕೊಂಡಿ ಹಾಕುವ ಜಾಗ) ಕಳಚಿ. ಅದಕ್ಕೆ ಕಾರಣವಿದೆ. ಬಿಳಿ ವೈರ್ ಒಳಗೆ ಕಡಿದಿದ್ದರೂ ಕರೆಂಟ್ ಹಿಚ್‌ನ ಗುಂಡಿನ ಮೂಲಕ ಟ್ರಕ್ಕಿಗೆ ಹಿಂದಿರುಗುತ್ತದೆ. ನೇರ ರಸ್ತೆಯಲ್ಲಿ ಬ್ರೇಕ್ ಹಿಡಿದು ತಿರುವಿನಲ್ಲಿ ಬಿಡುವ ಟ್ರೈಲರ್‌ಗಳ ಗುಟ್ಟು ಬಹುಪಾಲು ಇದೇ. ಕಳಚಿದ ಮೇಲೆ ಟ್ರೈಲರ್ ಪ್ಲಗ್‌ನ ನೀಲಿ ಮತ್ತು ಬಿಳಿ ಪಿನ್‌ಗಳ ನಡುವೆ ಮೊದಲು ವೋಲ್ಟ್ ನೋಡಿ, ಸೊನ್ನೆ ಇರಬೇಕು. ಆಮೇಲೆ ಓಮ್, ಅಂದರೆ ವಿದ್ಯುತ್ ರೋಧ, ಅಳೆಯಿರಿ. ಅದಕ್ಕೂ ಮೊದಲು ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಕಳೆಯಲು ಮರೆಯಬೇಡಿ. ಇಲ್ಲಿ ಅರ್ಧ ಓಮ್ ಕೂಡ ದೊಡ್ಡ ವ್ಯತ್ಯಾಸ.

10 ಮತ್ತು 12 ಇಂಚಿನ ಬ್ರೇಕ್‌ಗಳಲ್ಲಿ ಪ್ರತಿ ಮ್ಯಾಗ್ನೆಟ್‌ನ ರೋಧ ಸುಮಾರು 3.2 ಓಮ್. ಎರಡು ಸಮಾಂತರವಾಗಿದ್ದರೆ 1.6, ನಾಲ್ಕಿದ್ದರೆ 0.8. ವೈರಿನ ರೋಧ ಅದಕ್ಕೆ ಸ್ವಲ್ಪ ಸೇರುತ್ತದೆ. ನಿಮ್ಮ ಅಂಕಿ ತಿಳಿಸಿ.

ಬೇ ಏರಿಯಾ ಬೆಳಗಾವಿ:

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಬಿಳಿ ಗ್ರೌಂಡ್, ನೀಲಿ ಬ್ರೇಕ್ ಎಂಬುದು ಹೆಚ್ಚಿನ ಟ್ರೈಲರ್‌ಗಳಲ್ಲಿ ನಿಜ. ಉಳಿದ ಬಣ್ಣಗಳಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಹಿಂಬದಿ ದೀಪಕ್ಕೆ ಕಂದು, ಬಲ ಇಂಡಿಕೇಟರ್‌ಗೆ ಹಸಿರು. ಟ್ರಾವೆಲ್ ಟ್ರೈಲರ್‌ಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದರಲ್ಲಿ ಹಿಂಬದಿ ದೀಪಕ್ಕೆ ಹಸಿರು, ಬಲಕ್ಕೆ ಕಂದು. ಹಿಂದಿನ ಮಾಲೀಕರು ಪ್ಲಗ್ ಬದಲಿಸಿದ್ದರೆ ಬಣ್ಣಕ್ಕೆ ಬಣ್ಣ ಸೇರಿಸಿ ಕೆಡಿಸಿರಬಹುದು. ಪ್ಲಗ್ ಬಿಚ್ಚಿ, ಯಾವ ವೈರ್ ಯಾವ ಪಿನ್ನಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ.

ಇನ್ನೊಂದು ಅನುಮಾನದ ಜಾಗ ಬ್ರೇಕ್‌ಅವೇ ಸ್ವಿಚ್. ಟ್ರೈಲರ್ ಕಳಚಿಕೊಂಡು ಹೋದರೆ ಅದರ ಪಿನ್ ಕಿತ್ತುಬಂದು, ಟ್ರೈಲರ್‌ನ ಸ್ವಂತ ಬ್ಯಾಟರಿಯನ್ನು ನೇರವಾಗಿ ನೀಲಿ ವೈರಿಗೆ ಸೇರಿಸಿ ಬ್ರೇಕ್ ಹಿಡಿಯುವ ಸಾಧನ ಅದು. ಒಳಗೆ ನೀರು ಇಳಿದರೆ ಯಾರೂ ಮುಟ್ಟದಿದ್ದರೂ ಕರೆಂಟ್ ಸೋರುತ್ತದೆ. ಶರಾವತಿಯವರು ಮೊದಲು ವೋಲ್ಟ್ ನೋಡಿ ಎಂದದ್ದು ಇದಕ್ಕೇ ಎಂದುಕೊಂಡೆ. ಆ ಪಿನ್ ಎಳೆದು ಪರೀಕ್ಷಿಸುವುದಾದರೆ ಟ್ರಕ್ಕಿನ ಪ್ಲಗ್ ತೆಗೆದೇ ಎಳೆಯಿರಿ. ಜೋಡಿಸಿಟ್ಟು ಎಳೆದರೆ ಟ್ರೈಲರ್ ಬ್ಯಾಟರಿಯ ವೋಲ್ಟೇಜ್ ಹಿಂಬದಿಯಿಂದ ಕಂಟ್ರೋಲರ್‌ಗೆ ನುಗ್ಗಿ ಅದನ್ನು ಕೆಡಿಸಬಹುದು.

ಡೆನ್ವರ್ ಕನ್ನಡಿಗ:

ಇಬ್ಬರಿಗೂ ತುಂಬಾ ಧನ್ಯವಾದ. ಶನಿವಾರ ಇಡೀ ಬೆಳಿಗ್ಗೆ ಇದಕ್ಕೇ ಮೀಸಲಿಟ್ಟೆ.

ಟ್ರಕ್ಕಿನ ಸಾಕೆಟ್‌ನಲ್ಲಿ ಬಲ್ಬ್ ಇಲ್ಲದೆ 13.9 ವೋಲ್ಟ್. ಬಲ್ಬ್ ಉರಿಯುವಾಗ 13.5. ಟ್ರೈಲರ್ ಪ್ಲಗ್‌ನಲ್ಲಿ ವೋಲ್ಟ್ ಸೊನ್ನೆ. ಮೀಟರ್ ಮೊನೆ ತಾಗಿಸಿದಾಗ 0.3 ಬಂತು, ಪ್ಲಗ್‌ನಲ್ಲಿ 2.1. ಕಳೆದರೆ 1.8 ಓಮ್. ಪಿನ್‌ಗಳು ಸರಿಯಾದ ಜಾಗದಲ್ಲೇ ಇವೆ.

ಹ್ಯೂಸ್ಟನ್ ಶರಾವತಿ:

ಹಾಗಾದರೆ ಟ್ರಕ್ ಮತ್ತು ಕಂಟ್ರೋಲರ್ ಚೆನ್ನಾಗಿವೆ, ಹೊಸದಕ್ಕೆ ಹಣ ಕೊಡಬೇಡಿ. 1.8 ಎಂಬುದು ಎರಡು ಮ್ಯಾಗ್ನೆಟ್‌ಗಳ 1.6 ಮತ್ತು ವೈರಿನ 0.2. ಎರಡು ಚಕ್ರಗಳು ಸರ್ಕ್ಯೂಟ್‌ನಲ್ಲೇ ಇಲ್ಲ. ಎರಡೂ ಒಂದೇ ಆ್ಯಕ್ಸಲ್‌ನವಾಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಎರಡು ಮ್ಯಾಗ್ನೆಟ್‌ಗಳು ಒಟ್ಟಿಗೆ ಸುಟ್ಟುಹೋಗುವುದಕ್ಕಿಂತ ಎರಡಕ್ಕೂ ಹೋಗುವ ಒಂದು ಜೋಡಣೆ ಬಿಡುವುದು ಸುಲಭ.

ಯಾವ ಆ್ಯಕ್ಸಲ್ ಎಂದು ತಿಳಿಯಲು ಡ್ರಮ್ ಬಿಚ್ಚಬೇಕಾಗಿಲ್ಲ. ಟ್ರಕ್ಕಿಗೆ ಜೋಡಿಸಿ, ಒಬ್ಬರು ಕೈ ಲಿವರ್ ಒತ್ತಲಿ. ಒಂದು ದಿಕ್ಸೂಚಿಯನ್ನು, ಮೊಬೈಲ್‌ನಲ್ಲಿರುವುದಾದರೂ ಸರಿ, ಪ್ರತಿ ಚಕ್ರದ ಒಳಮಗ್ಗುಲಿಗೆ ಹಿಡಿಯಿರಿ. ಮ್ಯಾಗ್ನೆಟ್‌ಗೆ ಕರೆಂಟ್ ಬಂದರೆ ಮುಳ್ಳು ಹೊರಳುತ್ತದೆ. ಕಿವಿ ಹತ್ತಿರ ತಂದರೆ ಗುಂಯ್‌ಗುಡುವುದೂ ಕೇಳಿಸುತ್ತದೆ.

ಮಿಂಚುವ ಶಾರ್ಟ್‌ಗೆ ಬೇರೆ ಪರೀಕ್ಷೆ. ಮೀಟರನ್ನು ಪ್ಲಗ್‌ನಲ್ಲೇ ಓಮ್‌ಗೆ ಬಿಟ್ಟು ಒಬ್ಬರು ನೋಡುತ್ತಿರಲಿ. ನೀವು ಕೆಳಗೆ ಹೋಗಿ ವೈರುಗಳನ್ನು ಒಂದೊಂದಾಗಿ ಅಲುಗಿಸಿ, ಎರಡು ಆ್ಯಕ್ಸಲ್‌ಗಳನ್ನೂ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಟ್ರೈಲರ್ ಕೆಳಗೆ ನುಸುಳುವ ಮೊದಲು ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಬರಿಯ ಜ್ಯಾಕ್ ನಂಬಬೇಡಿ.

ನನ್ನ ಅನುಮಾನ ಆ್ಯಕ್ಸಲ್ ಕೊಳವೆಯ ಮೇಲಿದೆ. ಅನೇಕ ಟ್ರೈಲರ್‌ಗಳಲ್ಲಿ ಎಡಚಕ್ರದವರೆಗೆ ಬಂದ ವೈರ್, ಟೊಳ್ಳಾದ ಆ್ಯಕ್ಸಲ್ ಒಳಗೆ ನುಗ್ಗಿ ಬಲಚಕ್ರಕ್ಕೆ ಹೋಗುತ್ತದೆ. ಒಳಗೆ ಅದನ್ನು ಹಿಡಿದಿಡುವುದು ಏನೂ ಇಲ್ಲ. ವರ್ಷಗಟ್ಟಲೆ ಕುಲುಕಿ ಕುಲುಕಿ, ಕೊಳವೆಯ ತೂತಿನ ಹರಿತ ಅಂಚಿಗೆ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆಯುತ್ತದೆ. ಆಮೇಲೆ ಪ್ರತಿ ಗುಂಡಿಯಲ್ಲೂ ತಾಮ್ರ ಕಬ್ಬಿಣಕ್ಕೆ ತಾಗುತ್ತದೆ. ಆ ಕ್ಷಣ ಕಂಟ್ರೋಲರ್ ತನ್ನನ್ನು ಕಾಪಾಡಿಕೊಳ್ಳಲು ಔಟ್‌ಪುಟ್ ನಿಲ್ಲಿಸುತ್ತದೆ, ಅಂದರೆ ಆ ಕ್ಷಣ ನಿಮಗೆ ಟ್ರೈಲರ್ ಬ್ರೇಕೇ ಇಲ್ಲ. ಈ ದೋಷವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೆಲ್ಬರ್ನ್ ಮಲೆನಾಡು:

ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ಎಳೆಯುವ ಕನ್ನಡಿಗರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ. ಮೇಲಿನ ಪರೀಕ್ಷೆಗಳೆಲ್ಲ ಇಲ್ಲಿಗೂ ಹೊಂದುತ್ತವೆ, ಬಣ್ಣ ಮತ್ತು ಪಿನ್ ಮಾತ್ರ ಬೇರೆ. ನಮ್ಮ ಏಳು ಪಿನ್ನಿನ ಚಪ್ಪಟೆ ಪ್ಲಗ್‌ನಲ್ಲಿ 5ನೆಯದು ನೀಲಿ, ಅದೇ ಬ್ರೇಕ್. 3ನೆಯದು ಬಿಳಿ, ಗ್ರೌಂಡ್. ಅಮೆರಿಕದಲ್ಲಿ ಬ್ರೇಕ್ ದೀಪವೂ ಇಂಡಿಕೇಟರ್ರೂ ಒಂದೇ ವೈರಿನಲ್ಲಿ ಬರುತ್ತವೆ. ಇಲ್ಲಿ ಬ್ರೇಕ್ ದೀಪಕ್ಕೆ ಪ್ರತ್ಯೇಕ ಕೆಂಪು ವೈರ್ ಇದೆ, 6ನೆಯ ಪಿನ್. ಅಮೆರಿಕದ ನಕ್ಷೆ ನೋಡಿ ಇಲ್ಲಿ ಜೋಡಿಸಬೇಡಿ. ಇಲ್ಲಿನ ನಿಯಮದಲ್ಲಿ ಟ್ರೈಲರ್‌ನ ಆ್ಯಕ್ಸಲ್‌ಗಳ ಮೇಲೆ ಬೀಳುವ ಭಾರ 2,000 ಕಿಲೋ ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಮತ್ತು ಬ್ರೇಕ್‌ಅವೇ ವ್ಯವಸ್ಥೆ ಎರಡೂ ಕಡ್ಡಾಯ.

ಟೊರೊಂಟೊ ತುಂಗಾ:

ಅಮೆರಿಕದಲ್ಲಿ ಎಷ್ಟು ತೂಕದ ಮೇಲೆ ಕಡ್ಡಾಯ? ಗಡಿ ದಾಟಿ ಬರುವ ಯೋಚನೆ ಇದೆ.

ಬೇ ಏರಿಯಾ ಬೆಳಗಾವಿ:

ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಟ್ರೈಲರ್‌ಗಳಿಗೆ ಒಟ್ಟು ತೂಕ 1,500 ಪೌಂಡ್‌ನಿಂದಲೇ ಬೇಕು, ಟೆಕ್ಸಾಸ್‌ನಲ್ಲಿ 4,500 ಪೌಂಡ್ ಮೀರಿದರೆ. ಹೋಗುವ ದಾರಿಯಲ್ಲಿ ಅತಿ ಕಟ್ಟುನಿಟ್ಟಾದ ರಾಜ್ಯ ಯಾವುದೋ ಅದಕ್ಕೆ ತಕ್ಕಂತೆ ಸಿದ್ಧರಾಗಿ.

ಡೆನ್ವರ್ ಕನ್ನಡಿಗ:

ಎರಡೂ ಸಿಕ್ಕವು!

ದಿಕ್ಸೂಚಿ ಮುಂದಿನ ಎರಡು ಚಕ್ರಗಳ ಹತ್ತಿರ ಹೊರಳಿತು, ಹಿಂದಿನ ಎರಡರಲ್ಲಿ ಅಲುಗಾಡಲಿಲ್ಲ. ಹಿಂದಿನ ಆ್ಯಕ್ಸಲ್‌ಗೆ ಹೋಗುವ ವೈರ್ ಹಿಡಿದುಕೊಂಡು ಹೋದೆ. ಟ್ರೈಲರ್ ತಳದ ತಗಡಿನ ಅಂಚಿನಲ್ಲಿ, ಚಕ್ರದಿಂದ ಚಿಮ್ಮುವ ನೀರು ನೇರವಾಗಿ ಬೀಳುವ ಜಾಗದಲ್ಲಿ ಒಂದು ಜೋಡಣೆ ಇತ್ತು. ಮನೆಯೊಳಗಿನ ವೈರಿಂಗ್‌ಗೆ ಬಳಸುವಂಥ ಪ್ಲಾಸ್ಟಿಕ್ ಟೊಪ್ಪಿ, ಅದರ ಮೇಲೆ ಟೇಪ್. ಟೇಪ್ ಬಿಚ್ಚಿದರೆ ಒಳಗೆಲ್ಲ ಹಸಿರು ಪುಡಿ. ಮೆಲ್ಲಗೆ ಎಳೆದೆ, ನೀಲಿ ವೈರ್ ಕೈಗೇ ಬಂತು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಸಿಂಪಡಿಸುತ್ತಾರೆ, ತಾಮ್ರವನ್ನು ತಿಂದುಹಾಕಲು ಅದೊಂದೇ ಸಾಕು. ಹಿಂದಿನ ಮ್ಯಾಗ್ನೆಟ್‌ಗಳನ್ನು ಬೇರೆ ಬೇರೆಯಾಗಿ ಅಳೆದರೆ 3.2 ಮತ್ತು 3.3 ಓಮ್, ಎರಡೂ ಚೆನ್ನಾಗಿವೆ.

ಶಾರ್ಟ್ ಮುಂದಿನ ಆ್ಯಕ್ಸಲ್‌ನಲ್ಲಿ. ನಾನು ಸುತ್ತಿಗೆಯಿಂದ ತಟ್ಟುತ್ತಿದ್ದೆ, ಹೆಂಡತಿ ಮೀಟರ್ ನೋಡುತ್ತಿದ್ದಳು. ಬಲಚಕ್ರದ ಬಳಿ ತಟ್ಟಿದಾಗೆಲ್ಲ ಅಂಕಿ ಒಂದು ಓಮ್‌ಗಿಂತ ಕೆಳಗೆ ಬಿದ್ದು ಮತ್ತೆ ಏರುತ್ತಿತ್ತು. ಕೊಳವೆಯೊಳಗಿನ ವೈರನ್ನು ಎರಡೂ ಕಡೆ ಬಿಡಿಸಿ ಹೊರಗೆಳೆದೆ. ತೂತಿನ ಅಂಚಿಗೆ ತಾಗುತ್ತಿದ್ದ ಜಾಗದಲ್ಲಿ ಉಗುರಿನಷ್ಟು ಉದ್ದ ಪ್ಲಾಸ್ಟಿಕ್ ಸವೆದು, ತಾಮ್ರ ಉಜ್ಜಿದ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಉಳಿದ ತಾಮ್ರವೆಲ್ಲ ಕಪ್ಪಾಗಿದ್ದರೂ ಅಲ್ಲಿ ಮಾತ್ರ ಹೊಸದರಂತಿದೆ.

ಈಗ ಪ್ರಶ್ನೆ: ಕಡಿದ ಜಾಗಗಳನ್ನಷ್ಟೇ ಸರಿಮಾಡಲೇ ಅಥವಾ ಪೂರ್ತಿ ವೈರ್ ಹೊಸದಾಗಿ ಎಳೆಯಲೇ? ಈಗಿರುವುದು 16 ಗೇಜ್‌ನ ತೆಳು ವೈರ್ (ಗೇಜ್ ಅಂಕಿ ಕಡಿಮೆಯಾದಷ್ಟೂ ವೈರ್ ದಪ್ಪ).

ಹ್ಯೂಸ್ಟನ್ ಶರಾವತಿ:

ಬಹಳ ಸಂತೋಷವಾಯಿತು! ಪೂರ್ತಿ ಹೊಸದು ಎಳೆಯಿರಿ, ಲೆಕ್ಕ ನೋಡಿದರೆ ನಿಮಗೇ ಮನವರಿಕೆಯಾಗುತ್ತದೆ. 16 ಗೇಜ್ ತಾಮ್ರದ ರೋಧ 1,000 ಅಡಿಗೆ ಸುಮಾರು 4 ಓಮ್. ಪ್ಲಗ್‌ನಿಂದ ಹಿಂದಿನ ಆ್ಯಕ್ಸಲ್‌ಗೆ 25 ಅಡಿ ಎಂದುಕೊಳ್ಳಿ, ಹೋಗಿ ಬರಲು 50 ಅಡಿ, ಅಲ್ಲಿಗೆ 0.2 ಓಮ್. ನಾಲ್ಕು ಮ್ಯಾಗ್ನೆಟ್‌ಗಳಿಗೆ 12 ಆಂಪ್ ಹರಿದರೆ ದಾರಿಯಲ್ಲೇ 2.4 ವೋಲ್ಟ್ ನಷ್ಟ. ನಿಮ್ಮ ಬ್ರೇಕಿಗೆ ಸಿಗಬೇಕಾದ ಶಕ್ತಿ ವೈರ್ ಬಿಸಿಮಾಡಲು ಹೋಗುತ್ತದೆ. 10 ಗೇಜ್‌ಗೆ 1,000 ಅಡಿಗೆ 1 ಓಮ್ ಮಾತ್ರ, ಅದೇ ದೂರಕ್ಕೆ ನಷ್ಟ 0.6 ವೋಲ್ಟ್.

ನೀಲಿಯಷ್ಟೇ ದಪ್ಪದ ಬಿಳಿ ವೈರನ್ನೂ ಪ್ರತಿ ಆ್ಯಕ್ಸಲ್‌ವರೆಗೆ ಒಯ್ಯಿರಿ. ಟ್ರೈಲರ್ ಚೌಕಟ್ಟನ್ನೇ ಗ್ರೌಂಡ್ ಎಂದು ನಂಬಿದರೆ ತುಕ್ಕು ಹಿಡಿದ ಪ್ರತಿಯೊಂದು ಬೋಲ್ಟೂ ಆ ದಾರಿಯಲ್ಲಿ ಅಡ್ಡಬರುತ್ತದೆ. ಆ್ಯಕ್ಸಲ್ ಕೊಳವೆಯೊಳಗೆ ಮತ್ತೆ ವೈರ್ ತೂರಿಸಬೇಡಿ. ಸುಕ್ಕುಸುಕ್ಕಾದ ರಕ್ಷಣಾ ಕೊಳವೆಯಲ್ಲಿ ಹಾಕಿ ಆ್ಯಕ್ಸಲ್‌ನ ಹಿಂಬದಿಗೆ, ಕಲ್ಲು ಬಡಿಯದ ಕಡೆ ಬಿಗಿಯಾಗಿ ಕಟ್ಟಿ. ಸ್ಪ್ರಿಂಗ್ ಮೇಲೆ ಕೆಳಗೆ ಆಡುವಾಗ ಎಳೆಯದಷ್ಟು ಸಡಿಲು ಬಿಡಿ. ಜೋಡಣೆಗೆ ಒಳಗೆ ಅಂಟು ಸವರಿರುವ, ಬಿಸಿಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕ್ರಿಂಪ್ (ವೈರ್‌ಗಳನ್ನು ಅದುಮಿ ಕೂಡಿಸುವ ಕೊಂಡಿ) ಬಳಸಿ, ಬಿಸಿಮಾಡಿದಾಗ ಎರಡೂ ತುದಿಯಲ್ಲಿ ಅಂಟು ಹೊರಬಂದರೆ ನೀರು ಒಳಹೋಗುವುದಿಲ್ಲ. ಮ್ಯಾಗ್ನೆಟ್‌ನ ಎರಡು ವೈರ್‌ಗಳಲ್ಲಿ ಪ್ಲಸ್ ಮೈನಸ್ ಭೇದವಿಲ್ಲ, ಯಾವುದನ್ನು ಯಾವುದಕ್ಕೆ ಸೇರಿಸಿದರೂ ನಡೆಯುತ್ತದೆ.

ಬೇ ಏರಿಯಾ ಬೆಳಗಾವಿ:

ಚಕ್ರ ಹೇಗೂ ಎತ್ತಿದ್ದೀರಿ. ಹಿಂದಿನ ಬ್ರೇಕ್‌ಗಳು ಎಷ್ಟು ಕಾಲದಿಂದ ಸುಮ್ಮನಿದ್ದವೋ, ಶೂಗಳ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಪಟ್ಟಿಗಳು) ಹೊಂದಾಣಿಕೆಯನ್ನೂ ಮಾಡಿಬಿಡಿ. ಹಿಂಭಾಗದ ಕಿಂಡಿಯಿಂದ ಹಲ್ಲುಚಕ್ರ ತಿರುಗಿಸಿ, ಕೈಯಿಂದ ಚಕ್ರ ತಿರುಗಿಸಲು ತುಂಬಾ ಬಿಗಿಯಾಗುವವರೆಗೆ ಬಿಗಿ ಮಾಡಿ, ನಂತರ ಹತ್ತು ಹಲ್ಲು ಹಿಂದಕ್ಕೆ ಬಿಡಿ. ಚಕ್ರ ಸಲೀಸಾಗಿ, ಸಣ್ಣ ಉಜ್ಜುವ ಸದ್ದಿನೊಂದಿಗೆ ತಿರುಗಬೇಕು. ವೈರಿಂಗ್ ಎಷ್ಟೇ ಚೆನ್ನಾಗಿದ್ದರೂ ಶೂ ದೂರವಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಡೆನ್ವರ್ ಕನ್ನಡಿಗ:

ಹೇಳಿದಂತೆಯೇ ಮಾಡಿದೆ. 10 ಗೇಜ್‌ನ ನೀಲಿ, ಬಿಳಿ ಎರಡೂ ಹೊಸದು. ಪ್ಲಗ್‌ನಲ್ಲಿ ಈಗ 0.9 ಓಮ್. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಒಂದನ್ನು ಎರವಲು ತಂದು ನೀಲಿ ವೈರಿಗೆ ಹಾಕಿದೆ. ಕೈ ಲಿವರ್ ಪೂರ್ತಿ ಒತ್ತಿದಾಗ 14 ಆಂಪ್, ಸಾಕೆಟ್‌ನಲ್ಲಿ 12.8 ವೋಲ್ಟ್, ಹಿಂದಿನ ಮ್ಯಾಗ್ನೆಟ್ ಹತ್ತಿರ 12. 14 ಎಂಬುದು ಹೆಚ್ಚಾಯಿತೇ?

ಹ್ಯೂಸ್ಟನ್ ಶರಾವತಿ:

ಇಲ್ಲ, ಸರಿಯಾಗಿಯೇ ಇದೆ. ತಯಾರಕರು ಮ್ಯಾಗ್ನೆಟ್‌ಗೆ ಸುಮಾರು 3 ಆಂಪ್ ಎನ್ನುತ್ತಾರೆ. ಸುರುಳಿ ತಣ್ಣಗಿದ್ದು, ಎಂಜಿನ್ ಚಾಲೂ ಇದ್ದು, ವೈರ್ ದಪ್ಪವಿದ್ದಾಗ ಅದಕ್ಕಿಂತ ಸ್ವಲ್ಪ ಹೆಚ್ಚೇ ಹರಿಯುತ್ತದೆ. ಬಿಸಿಯಾದಂತೆ ಇಳಿಯುತ್ತದೆ. ಕಪ್ಪು ವೈರಿನ ಮೇಲಿನ ಸರ್ಕ್ಯೂಟ್ ಬ್ರೇಕರ್ 20 ಅಥವಾ 30 ಆಂಪ್‌ನದು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಈಗ ಗೇನ್ ಸರದಿ. ಖಾಲಿಯಾದ, ಸಮತಟ್ಟಾದ, ಒಣ ಜಾಗದಲ್ಲಿ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್ ವೇಗದಲ್ಲಿ ಹೋಗಿ. ಪೆಡಲ್ ಮುಟ್ಟದೆ ಕೈ ಲಿವರನ್ನು ಪೂರ್ತಿ ಒತ್ತಿ. ಟ್ರೈಲರ್ ಚಕ್ರಗಳು ಲಾಕ್ ಆಗುವ ಹಂತದವರೆಗೆ ಗೇನ್ ಏರಿಸಿ, ಅಲ್ಲಿಂದ ಒಂದಿಷ್ಟು ಇಳಿಸಿ. ಪ್ರಯಾಣಕ್ಕೆ ಹೇಗೆ ತುಂಬುತ್ತೀರೋ ಅದೇ ತೂಕದಲ್ಲಿ ಮಾಡಿ, ಖಾಲಿ ಟ್ರೈಲರ್‌ನಲ್ಲಿ ಇಟ್ಟ ಗೇನ್ ತುಂಬಿದ ಟ್ರೈಲರ್‌ಗೆ ಸಾಲದು. ಸುರಂಗದಾಚೆಯ ಇಳಿಜಾರಿನಲ್ಲಿ ಆರಂಭದಲ್ಲೇ ಕೆಳಗಿನ ಗೇರ್‌ಗೆ ಬನ್ನಿ, ವೇಗ ಹಿಡಿದಿಡುವ ಕೆಲಸವನ್ನು ಎಂಜಿನ್ ಮಾಡಲಿ. ಡ್ರಮ್ ಬ್ರೇಕನ್ನು ಒತ್ತಿಯೇ ಇಟ್ಟರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಡೆನ್ವರ್ ಕನ್ನಡಿಗ:

ಗೇನ್ ಇಟ್ಟಾಯಿತು. ಮೊದಲ ಸಲ ಟ್ರೈಲರ್ ತಾನೇ ಟ್ರಕ್ಕನ್ನು ಹಿಂದಕ್ಕೆ ಹಿಡಿದದ್ದು ಸೀಟಿನಲ್ಲೇ ಗೊತ್ತಾಯಿತು. ಗುಂಡಿ ಬಿದ್ದ ಅದೇ ರಸ್ತೆಯಲ್ಲಿ ಓಡಿಸಿದೆ, ಎಚ್ಚರಿಕೆ ಬರಲಿಲ್ಲ. ನಿಮ್ಮೆಲ್ಲರಿಗೂ ನಾನು ಋಣಿ.

ಡಲ್ಲಾಸ್ ಧಾರವಾಡ:

ಇದೇ ಸಾಲಿನಲ್ಲಿ ನನ್ನದೂ ಒಂದು ಪ್ರಶ್ನೆ ಕೇಳಬಹುದೇ? ನನ್ನ ಹಳೆಯ ಪಿಕಪ್‌ನಲ್ಲಿ ಹಜಾರ್ಡ್ ದೀಪ ಹಾಕಿದರೆ ಅದರ ತಾಳಕ್ಕೆ ಟ್ರೈಲರ್ ಬ್ರೇಕ್ ಹಿಡಿದು ಬಿಟ್ಟು ಮಾಡುತ್ತದೆ. ಕಂಟ್ರೋಲರ್ ದೋಷವೇ?

ಹ್ಯೂಸ್ಟನ್ ಶರಾವತಿ:

ಕೆಂಪು ವೈರ್ ನೋಡಿ. ಅದರಲ್ಲಿ ಪೆಡಲ್ ಒತ್ತಿದಾಗ ಮಾತ್ರ 12 ವೋಲ್ಟ್ ಇರಬೇಕು. ಕೆಲವು ಹಳೆಯ ವಾಹನಗಳಲ್ಲಿ ಹಜಾರ್ಡ್‌ನ ಕರೆಂಟ್ ಬ್ರೇಕ್ ದೀಪದ ವೈರಿನ ಮೂಲಕ ಹಿಂದಕ್ಕೆ ಹರಿದು ಪೆಡಲ್ ಸ್ವಿಚ್‌ವರೆಗೂ ಬರುತ್ತದೆ. ಕಂಟ್ರೋಲರ್‌ಗೆ ಅದು ಪೆಡಲ್ ಒತ್ತಿದಂತೆಯೇ ಕಾಣುತ್ತದೆ. ಹಜಾರ್ಡ್ ಹಾಕಿ, ಪೆಡಲ್ ಬಿಟ್ಟು, ಕೆಂಪು ವೈರಿನಲ್ಲಿ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಮಿನುಗಿದರೆ ಕಾರಣ ಅದೇ. ಮಿನುಗದಿದ್ದರೆ ಟ್ರಕ್ಕಿನ ಮಾದರಿ ಮತ್ತು ವರ್ಷ ತಿಳಿಸಿ, ಮುಂದೆ ನೋಡೋಣ.

ಡಲ್ಲಾಸ್ ಧಾರವಾಡ:

ಮಿನುಗುತ್ತಿದೆ. ಗೇನ್ ಕಡಿಮೆಯಿದ್ದರೂ ಹೆಚ್ಚಿದ್ದರೂ ಒಂದೇ ರೀತಿ.

ಹ್ಯೂಸ್ಟನ್ ಶರಾವತಿ:

ಹಾಗಾದರೆ ಕಂಟ್ರೋಲರ್ ಸರಿಯಿದೆ. ಪೆಡಲ್ ಒತ್ತಿದಾಗ ಮಾತ್ರ ಮುಚ್ಚುವ, ದೀಪದ ಸರ್ಕ್ಯೂಟ್‌ಗೆ ಸಂಬಂಧವಿಲ್ಲದ ಪ್ರತ್ಯೇಕ ಸ್ವಿಚ್ ಒಂದನ್ನು ಪೆಡಲ್ ತೋಳಿಗೆ ಹಾಕಿಸಿ, ಕೆಂಪು ವೈರನ್ನು ಅದರಿಂದ ತೆಗೆದುಕೊಳ್ಳಿ. ಆ ಸ್ವಿಚ್‌ಗೆ ಬರುವ ಕರೆಂಟಿಗೆ ಸಣ್ಣ ಫ್ಯೂಸ್ ಇರಲಿ. ಅಲ್ಲಿಯವರೆಗೆ ಟ್ರೈಲರ್ ಎಳೆಯುವಾಗ, ಓಡುತ್ತಿರುವಾಗ ಹಜಾರ್ಡ್ ಹಾಕಬೇಡಿ.